ಕಂಪನಿ ಕೊಟ್ಟ ಹೆಡ್‌ಲೈಟ್ ಕತ್ತಲಲ್ಲಿ ಎಷ್ಟು ಕಾಣಿಸುತ್ತದೆ? ನಾಲ್ಕು ವಾಹನಗಳ ಅನುಭವ

ವಾಹನ ಕೊಳ್ಳುವಾಗ ಮೈಲೇಜ್ ಕೇಳುತ್ತೇವೆ, ಟಚ್‌ಸ್ಕ್ರೀನ್ ಒತ್ತಿ ನೋಡುತ್ತೇವೆ. ಹೆಡ್‌ಲೈಟ್ ಹಾಕಿ ಕತ್ತಲಲ್ಲಿ ಓಡಿಸಿ ನೋಡುವವರು ಅಪರೂಪ, ಏಕೆಂದರೆ ಟೆಸ್ಟ್ ಡ್ರೈವ್ ಹಗಲಿನಲ್ಲೇ ಮುಗಿದಿರುತ್ತದೆ. ಬೆಂಗಳೂರಿನ ಬೀದಿದೀಪಗಳ ಕೆಳಗೆ ಓಡಾಡುವಷ್ಟು ಕಾಲ ಆ ದೀಪದ ಯೋಗ್ಯತೆ ಗೊತ್ತಾಗುವುದೂ ಇಲ್ಲ. ನಮ್ಮ ಮನೆ ಕೆಂಗೇರಿಯಲ್ಲಿ, ಊರು ಚನ್ನರಾಯಪಟ್ಟಣದ ಆಚೆ. ನೈಸ್ ರಸ್ತೆ ಹಿಡಿದು ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್ ದಾಟುವ ಈ ದಾರಿಯನ್ನು ಕೆಲಸ ಮುಗಿಸಿ ಹೊರಟು ರಾತ್ರಿಯೇ ಕ್ರಮಿಸಬೇಕಾಗುತ್ತದೆ. ಹಾಗಾಗಿ ಹೆಡ್‌ಲೈಟ್ ನನಗೆ ಅಲಂಕಾರದ ವಿಷಯವಲ್ಲ.

ಹಲವು ವರ್ಷಗಳಿಂದ ಈ ದಾರಿಯಲ್ಲಿ ನಾಲ್ಕು ಬಗೆಯ ದೀಪಗಳನ್ನು ಬಳಸಿದ್ದೇನೆ: ಹಳೆಯ ಹ್ಯಾಚ್‌ಬ್ಯಾಕ್‌ನ ಹ್ಯಾಲೋಜೆನ್ ರಿಫ್ಲೆಕ್ಟರ್ (ಬಲ್ಬಿನ ಸುತ್ತಲಿನ ಬಾಗಿದ ಕನ್ನಡಿ ಬೆಳಕನ್ನು ಮುಂದಕ್ಕೆ ಹರಡುವ ದೀಪ), ಆಮೇಲೆ ಕೊಂಡ ಸಣ್ಣ ಎಸ್‌ಯುವಿಯ ಹ್ಯಾಲೋಜೆನ್ ಪ್ರೊಜೆಕ್ಟರ್ (ಮುಂದಿನ ದುಂಡು ಮಸೂರದ ಮೂಲಕ ಬೆಳಕು ಬಿಡುವ ದೀಪ), ಭಾವನ ಏಳು ಸೀಟಿನ ಗಾಡಿಯ ಎಲ್‌ಇಡಿ, ತಮ್ಮನ 350 ಸಿಸಿ ಬೈಕಿನ ದುಂಡು ದೀಪ. ನಾಲ್ಕೂ ಕಂಪನಿಯಿಂದ ಬಂದಂತೆಯೇ ಇವೆ. ಮಾದರಿಗಳ ಹೆಸರು ಹೇಳುವುದಿಲ್ಲ, ಹೇಳಿದರೂ ಉಪಯೋಗ ಕಡಿಮೆ. 2018ರ ಸ್ವಿಫ್ಟ್‌ನಲ್ಲಿ ಎಲ್‌ಇಡಿ ಪ್ರೊಜೆಕ್ಟರ್ ಇದ್ದದ್ದು ಮೇಲಿನ ವೇರಿಯಂಟ್‌ಗೆ ಮಾತ್ರ, ಉಳಿದವಕ್ಕೆ ಹ್ಯಾಲೋಜೆನ್. ಒಂದೇ ಹೆಸರಿನ ಎರಡು ಕಾರುಗಳು ರಾತ್ರಿಯಲ್ಲಿ ಬೇರೆ ಬೇರೆ ಕಾರುಗಳೇ ಆಗಿಬಿಡುತ್ತವೆ.

ಹ್ಯಾಚ್‌ಬ್ಯಾಕ್‌ನದು ಸಾಮಾನ್ಯ ಎಚ್4 ಬಲ್ಬ್. ಒಂದೇ ಬಲ್ಬಿನೊಳಗೆ ಎರಡು ಫಿಲಮೆಂಟ್, ಹತ್ತಿರಕ್ಕೆ ಬೀಳುವ ಲೋ ಬೀಮ್‌ಗೆ 55 ವ್ಯಾಟ್, ದೂರಕ್ಕೆ ಬೀಳುವ ಹೈ ಬೀಮ್‌ಗೆ 60. ಬೆಳಕು ಹಳದಿ, ಪ್ರಮಾಣವೂ ಕಡಿಮೆ. ಆದರೆ ಅದು ಹರಡುವ ರೀತಿ ನನಗೆ ಇಷ್ಟ. ರಸ್ತೆಯ ಎಡ ಅಂಚು, ಅಲ್ಲಿ ನಡೆದು ಹೋಗುವವರು, ಸೈಕಲ್, ದನ, ಎಲ್ಲವೂ ಮಂದವಾಗಿಯಾದರೂ ಕಾಣುತ್ತವೆ. ಸ್ವಲ್ಪ ಬೆಳಕು ಮೇಲಕ್ಕೂ ಚೆಲ್ಲುವುದರಿಂದ ಊರಿನ ಹೆಸರಿನ ಫಲಕ, ಬಾಗಿದ ಹುಣಸೆ ಕೊಂಬೆ ಗೊತ್ತಾಗುತ್ತವೆ. ಸಾಲದಿರುವುದು ದೂರ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಅಡ್ಡ ಬಂದದ್ದನ್ನು ಕಂಡು, ಬ್ರೇಕ್ ತುಳಿದು, ನಿಲ್ಲುವಷ್ಟರಲ್ಲಿ ಒಣ ರಸ್ತೆಯಲ್ಲೂ ಸುಮಾರು 65–70 ಮೀಟರ್ ಕಳೆದಿರುತ್ತದೆ. ಈ ದೀಪದ ಲೋ ಬೀಮ್‌ನಲ್ಲಿ ಕಪ್ಪು ಬಟ್ಟೆ ತೊಟ್ಟವರು ಅಷ್ಟು ದೂರದಿಂದ ಕಾಣುವುದಿಲ್ಲ. ಅದಕ್ಕೇ ಈ ಕಾರಿನಲ್ಲಿ ರಾತ್ರಿ 60 ದಾಟುವುದಿಲ್ಲ.

ಹಳೆಯ ಹ್ಯಾಲೋಜೆನ್ ಇರುವವರಿಗೆ ಒಂದು ಮಾತು. ಬಲ್ಬಿಗೆ ತಲುಪುವ ವೋಲ್ಟೇಜ್ ಶೇ 5ರಷ್ಟು ಇಳಿದರೆ ಬೆಳಕು ಸುಮಾರು ಆರನೇ ಒಂದು ಪಾಲು ಇಳಿಯುತ್ತದೆ. ನಮ್ಮ ಕಾರಿನ ಸಾಕೆಟ್ ಕಪ್ಪಾಗಿತ್ತು, ಅರ್ಥಿಂಗ್ ತಂತಿಯ ಬುಡಕ್ಕೆ ತುಕ್ಕು ಹಿಡಿದಿತ್ತು. ಎಲೆಕ್ಟ್ರಿಷಿಯನ್ ಎರಡನ್ನೂ ಸರಿಮಾಡಿ, ಮಬ್ಬಾಗಿದ್ದ ಗಾಜಿಗೆ ಪಾಲಿಶ್ ಹಾಕಿದ ಮೇಲೆ ಅದೇ ಬಲ್ಬಿನಲ್ಲಿ ಎದ್ದು ಕಾಣುವ ವ್ಯತ್ಯಾಸ ಬಂತು. ಗಾಜು ಎನ್ನುತ್ತೇವೆ, ಆದರೆ ಈಗ ಬರುವುದು ಪಾಲಿಕಾರ್ಬೊನೇಟ್. ಬಿಸಿಲಿಗೆ ನಿಂತು ನಿಂತು ಹಳದಿಯಾಗುತ್ತದೆ.

ಪ್ರೊಜೆಕ್ಟರ್ ಮೇಲೆ ನನಗೆ ಬಹಳ ನಿರೀಕ್ಷೆಯಿತ್ತು. ಹೆದ್ದಾರಿಯಲ್ಲಿ ಅದು ನಿಜವಾಗಿಯೂ ಚೆನ್ನ: ಬೆಳಕು ಸಮನಾಗಿ ಬೀಳುತ್ತದೆ, ಎದುರಿನವರಿಗೆ ಕಣ್ಣು ಕುಕ್ಕುವುದಿಲ್ಲ. ತೊಂದರೆ ಶುರುವಾಗುವುದು ಚನ್ನರಾಯಪಟ್ಟಣ ಬಿಟ್ಟು ಹಳ್ಳಿ ರಸ್ತೆಗೆ ತಿರುಗಿದಾಗ. ಇದರ ಬೆಳಕಿನ ಮೇಲಂಚು ಗೆರೆ ಎಳೆದಂತಿದೆ. ಗೆರೆಯ ಕೆಳಗೆ ಎಲ್ಲವೂ ಸ್ಪಷ್ಟ, ಮೇಲೆ ಏನೂ ಇಲ್ಲ. ದಿಬ್ಬ ಹತ್ತುವಾಗ ಬೆಳಕು ನೆತ್ತಿಯಲ್ಲೇ ಮುಗಿಯುತ್ತದೆ. ಬಣ್ಣ ಬಳಿಯದ ರಸ್ತೆ ಉಬ್ಬುಗಳ ಮೇಲೆ ಆ ಗೆರೆ ಕುಣಿದು ಕಣ್ಣು ದಣಿಯುತ್ತದೆ. ಸುಗ್ಗಿಯಲ್ಲಿ ರಾಗಿ, ಹುರುಳಿ ತಂದು ರಸ್ತೆಯ ಮೇಲೆಯೇ ಒಕ್ಕಣೆಗೆ ಹರಡುತ್ತಾರೆ, ಪಕ್ಕದಲ್ಲಿ ಕಲ್ಲು ಇಟ್ಟಿರುತ್ತಾರೆ. ಅಂಥ ಕಡೆ ನನಗೆ ಹಳೆಯ ರಿಫ್ಲೆಕ್ಟರ್ ಮೇಲೆಯೇ ಹೆಚ್ಚು ನಂಬಿಕೆ.

ಭಾವನ ಗಾಡಿಯ ಎಲ್‌ಇಡಿ ಈ ನಾಲ್ಕರಲ್ಲಿ ಎಲ್ಲಕ್ಕಿಂತ ಅಗಲ, ಎಲ್ಲಕ್ಕಿಂತ ದೂರ. ಹೈ ಬೀಮ್ ಹಾಕಿದರೆ ಬೆಳ್ಳೂರು ಕ್ರಾಸ್ ಆಚೆಯ ತೆಂಗಿನ ತೋಟಗಳು ಸಾಲಾಗಿ ಕಾಣುತ್ತವೆ. ಮಳೆಯಲ್ಲಿ ಮಾತ್ರ ಅದರ ಹೆಚ್ಚುಗಾರಿಕೆ ಬಹಳ ಕುಗ್ಗುತ್ತದೆ. ಒದ್ದೆ ಡಾಂಬರು ಕನ್ನಡಿಯಾಗಿ ಬೆಳಕನ್ನು ಮುಂದಕ್ಕೇ ಚಿಮ್ಮಿಸುವುದರಿಂದ ನಮ್ಮ ಕಣ್ಣಿಗೆ ಮರಳುವುದು ಸ್ವಲ್ಪವೇ. ಯಾವ ದೀಪಕ್ಕೂ ಇದರಿಂದ ಬಿಡುಗಡೆಯಿಲ್ಲ. ಜೊತೆಗೆ ಹಿಂದಿನ ಸೀಟುಗಳು ತುಂಬಿದಾಗ ಮೂತಿ ಮೇಲೇಳುತ್ತದೆ, ಎದುರಿನ ಲಾರಿಯವರು ಡಿಮ್ ಮಾಡಿ ಎಂದು ಸನ್ನೆ ಮಾಡುತ್ತಾರೆ. ಸ್ಟೀರಿಂಗ್ ಬಳಿ 0ಯಿಂದ 3ರವರೆಗೆ ಅಂಕಿಗಳಿರುವ ಪುಟ್ಟ ಚಕ್ರ ಇರುವುದು ಇದಕ್ಕಾಗಿಯೇ. ಒಬ್ಬರೇ ಇದ್ದರೆ 0, ಭಾರ ಹೆಚ್ಚಿದಂತೆ ಮೇಲಿನ ಅಂಕಿ ಇಟ್ಟರೆ ಬೆಳಕು ಕೆಳಗಿಳಿಯುತ್ತದೆ. ನನಗೆ ತಿಳಿದ ಅನೇಕರು ಅದನ್ನು ಮುಟ್ಟಿಯೇ ಇಲ್ಲ.

ಬೈಕಿನದೂ ಎಚ್4 ಬಲ್ಬೇ. ನೇರ ದಾರಿಯಲ್ಲಿ ಸಾಕು, ತಿರುವಿನಲ್ಲಿ ಬೈಕು ವಾಲಿದೊಡನೆ ಬೆಳಕು ಬೇಕಾದ ಕಡೆ ಬೀಳುವುದಿಲ್ಲ.

ಇಷ್ಟು ಬಳಸಿದ ಮೇಲೆ ನಾನು ಎಲ್ಲರಿಗೂ ಮೊದಲು ಹೇಳುವುದು ದೀಪದ ಕೋನದ ಬಗ್ಗೆ. ನೆಲದಿಂದ 65 ಸೆಂಟಿಮೀಟರ್ ಎತ್ತರದ ದೀಪ ಶೇ 1ರಷ್ಟು, ಅಂದರೆ ಪ್ರತಿ ಮೀಟರಿಗೆ 1 ಸೆಂಟಿಮೀಟರ್, ಕೆಳಕ್ಕೆ ಬಾಗಿದ್ದರೆ ಲೋ ಬೀಮ್‌ನ ಮೇಲಂಚು 65 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಶೇ 2 ಬಾಗಿದ್ದರೆ 32 ಮೀಟರಿಗೇ ಮುಗಿಯುತ್ತದೆ. ಅರ್ಧ ರಸ್ತೆ ಒಂದು ಸ್ಕ್ರೂ ತಿರುವಿನಲ್ಲಿ ಮಾಯ! ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ, ಬೆಳಕಿನ ಅಂಚು ದೀಪದ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿದೆಯೇ ಎಂದು ನೋಡಿ. ನಮ್ಮ ಎಸ್‌ಯುವಿ ಹೊಸದಾಗಿ ಬಂದಾಗ ಎಡಗಡೆಯ ದೀಪ ನೆಲ ನೋಡುತ್ತಿತ್ತು. ಸರ್ವಿಸ್ ಸೆಂಟರ್‌ನವರು ‘ಎಲ್ಲ ಸರಿಯಾಗಿದೆ ಸರ್’ ಎಂದರು. ಗೋಡೆಯ ಮೇಲೆ ಬಿದ್ದ ಬೆಳಕನ್ನು ತೋರಿಸಿದ ಮೇಲೆ ತಿದ್ದಿಕೊಟ್ಟರು.

ಬೆಳಕು ಸಾಲದು ಎಂದು ಬೆಂಗಳೂರಿನಲ್ಲಿ ವಾಹನ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗಿ ಹ್ಯಾಲೋಜೆನ್ ಡೂಮಿನೊಳಗೆ (ದೀಪದ ಗೂಡಿನೊಳಗೆ) ಎಲ್‌ಇಡಿ ಬಲ್ಬ್ ಹಾಕಿಸಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ರಿಫ್ಲೆಕ್ಟರ್‌ನ ಬಾಗು ಆ ಸಣ್ಣ ಫಿಲಮೆಂಟ್ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಅಲ್ಲಿ ಬೇರೆ ಆಕಾರದ ಚಿಪ್ ಕೂರಿಸಿದರೆ ಬೆಳಕು ಎಲ್ಲೆಂದರಲ್ಲಿ ಚದುರುತ್ತದೆ. ಹತ್ತಿರದ ನೆಲ ಬೆಳ್ಳಗಾಗಿ ಓಡಿಸುವವನಿಗೆ ತೃಪ್ತಿ, ಎದುರಿನ ಸ್ಕೂಟರ್‌ನವರಿಗೆ ಕುರುಡು. ನಮ್ಮ ಅಪ್ಪನಂಥ ವಯಸ್ಸಾದವರ ಕಣ್ಣು ಆ ಹೊಡೆತದಿಂದ ಚೇತರಿಸಿಕೊಳ್ಳಲು ಇನ್ನೂ ಹೆಚ್ಚು ಹೊತ್ತು ಬೇಕು. 2024ರ ಜುಲೈನಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಪ್ರಕರಣ ಹಾಕಲು ತೊಡಗಿದ್ದು ಸರಿಯಾದ ಕೆಲಸ.

ಹೊಸ ಗಾಡಿ ನೋಡುತ್ತಿರುವವರು ಸಂಜೆ ಏಳರ ಮೇಲೆ ಟೆಸ್ಟ್ ಡ್ರೈವ್ ಕೇಳಿ, ಬೀದಿದೀಪವಿಲ್ಲದ ರಸ್ತೆಗೆ ಒಯ್ಯಿರಿ, ಲೋ ಬೀಮ್‌ನಲ್ಲಿ ಎಡ ಅಂಚು ಕಾಣುತ್ತದೆಯೇ ನೋಡಿ. ಎಲ್‌ಇಡಿ ಆದರೆ ಇಡೀ ದೀಪದ ಬೆಲೆಯನ್ನೂ ಆಗಲೇ ವಿಚಾರಿಸಿ. ಎಚ್4 ಬಲ್ಬ್ ಸುಟ್ಟರೆ ಕುಣಿಗಲ್‌ನ ಬಿಡಿಭಾಗದ ಅಂಗಡಿಯಲ್ಲೂ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಎಲ್‌ಇಡಿ ಕೆಟ್ಟರೆ ಎಷ್ಟೋ ಗಾಡಿಗಳಲ್ಲಿ ಪೂರ್ತಿ ಜೋಡಣೆಯನ್ನೇ ಬದಲಿಸಬೇಕು.