ಬೆಳೆಗೆ ಎಣ್ಣೆ (ಕಳೆನಾಶಕ, ಕೀಟನಾಶಕ) ಹೊಡೆಯುವ ಮುನ್ನ ಗಾಳಿ ಅಳೆಯಲು ಯಾವ ಮಾಪಕ ಕೊಳ್ಳಬೇಕು?

ಮಾನ್ವಿ ತಾಲ್ಲೂಕಿನ ನಮ್ಮ ಗದ್ದೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುತ್ತದೆ. ಬದುವಿನ ಆಚೆ ಮೂಡಲಿಗಿರುವ ಹೊಲ ತುಸು ಏರಿನಲ್ಲಿರುವುದರಿಂದ ಅಲ್ಲಿಗೆ ನೀರು ಏರುವುದಿಲ್ಲ, ಆ ಹೊಲದವರು ಹತ್ತಿ ಹಾಕುತ್ತಾರೆ. ಎರಡು ವರ್ಷಗಳ ಹಿಂದೆ ಆಗಸ್ಟ್ ತಿಂಗಳಲ್ಲಿ ಭತ್ತದ ಅಗಲ ಎಲೆಯ ಕಳೆಗೆಂದು ನಾನು 2,4-ಡಿ ಎಂಬ ಕಳೆನಾಶಕ ಹೊಡೆಸಿದೆ. ಪಡುವಣ ಗಾಳಿ ಅಷ್ಟೇನೂ ಇಲ್ಲವೆಂದು ಮುಖಕ್ಕೆ ತಾಗಿದ ಅಂದಾಜಿನಲ್ಲೇ ತೀರ್ಮಾನಿಸಿದ್ದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಪಕ್ಕದ ಹೊಲದ ಹಿರಿಯರು ಬದುವಿಗೆ ಬಂದು, "ಏನ್ರೀ ಗೌಡ್ರ, ನನ್ನ ಹತ್ತಿ ಬೆಂಡಿಗಿಡ ಆದಂಗ ಆಗೇದಲ್ಲ" ಎಂದರು. ಹೋಗಿ ನೋಡಿದರೆ ಅಗಲವಾಗಿ ಹರಡಬೇಕಿದ್ದ ಚಿಗುರೆಲೆಗಳು ಬೆರಳುಗಳಂತೆ ಸೀಳಿ, ನರಗಳು ಒತ್ತೊತ್ತಾಗಿ ಸೇರಿ, ತುದಿ ಮುರುಟಿಕೊಂಡಿದ್ದವು. ಬದುವಿನಿಂದ ಎಂಟು ಸಾಲುಗಳವರೆಗೆ ಇದೇ ಸ್ಥಿತಿ ಇತ್ತು. ಹತ್ತಿಗೆ ಈ ಕಳೆನಾಶಕದ ಅತ್ಯಲ್ಪ ಹನಿಯೂ ಸಾಕೆಂಬುದನ್ನು ಓದಿ ತಿಳಿದಿದ್ದೆ. ಅವರ ಹೊಲದಲ್ಲಿ ಕಣ್ಣಾರೆ ಕಂಡೆ. ನಷ್ಟ ಕಟ್ಟಿಕೊಟ್ಟೆನಾದರೂ ಆ ಎಲೆಗಳು ಕಣ್ಣಮುಂದಿನಿಂದ ಹೋಗಲಿಲ್ಲ. ಗಾಳಿ ಅಳೆಯುವ ಸಾಧನಗಳನ್ನು ಹುಡುಕತೊಡಗಿದ್ದು ಅದರ ನಂತರ.

ಮೊದಲು ಆನ್‌ಲೈನ್‌ನಲ್ಲಿ 1,150 ರೂಪಾಯಿಗೆ ಅಂಗೈಯಗಲದ ಫ್ಯಾನ್ ಮಾಪಕವನ್ನು ತರಿಸಿದೆ. ಪರದೆಯಲ್ಲಿ 4.2 ಎಂದು ಬಂದಾಗ ಗಂಟೆಗೆ ನಾಲ್ಕು ಕಿಲೋಮೀಟರ್ ಎಂದುಕೊಂಡು ಪಂಪು ಹೊರಿಸಿ ಆಳುಗಳನ್ನು ಗದ್ದೆಗೆ ಇಳಿಸಿದ್ದೆ. ಮೂಲೆಯಲ್ಲಿದ್ದ ಸಣ್ಣ ಅಕ್ಷರಗಳನ್ನು ಮಗಳು ಓದಿ ಹೇಳಿದ ಮೇಲೆಯೇ ಅದು ಸೆಕೆಂಡಿಗೆ ಮೀಟರ್ ಲೆಕ್ಕವೆಂದು ತಿಳಿದದ್ದು. ಅಂದರೆ ಗಂಟೆಗೆ ಹದಿನೈದು ಕಿಲೋಮೀಟರ್. ಇಂಥ ಮಾಪಕಗಳಲ್ಲಿ ಅಳತೆಯ ಮಾನವನ್ನು ಬದಲಾಯಿಸಲು ಬರುತ್ತದೆಯಾದರೂ ಬ್ಯಾಟರಿ ತೆಗೆದು ಹಾಕಿದಾಗ ನನ್ನದು ಮತ್ತೆ ಮೀಟರಿಗೇ ಮರಳುತ್ತಿತ್ತು. ಆದ್ದರಿಂದ ಬಂದ ಅಂಕಿಯನ್ನು 3.6ರಿಂದ ಗುಣಿಸುವುದನ್ನು ಮನೆಯವರೆಲ್ಲರೂ ರೂಢಿ ಮಾಡಿಕೊಂಡೆವು.

ಅದಕ್ಕಿಂತ ದೊಡ್ಡ ದೋಷ ಗೋದಾಮಿನಲ್ಲಿ ಬಯಲಾಯಿತು. ಬಾಗಿಲು ಮುಚ್ಚಿ, ಗಾಳಿಯಾಡದಂತೆ ಮಾಡಿ, ನೆಲದ ಮೇಲೆ 20 ಮೀಟರ್ ದೂರಕ್ಕೆ ಸುಣ್ಣದ ಗೆರೆಗಳನ್ನು ಎಳೆದು, ಮಾಪಕವನ್ನು ಕೈಚಾಚಿ ಹಿಡಿದು ಸರಿಯಾಗಿ 20 ಸೆಕೆಂಡುಗಳಲ್ಲಿ ಆ ದೂರವನ್ನು ನಡೆದರೆ ಮಾಪಕದ ಮೇಲೆ ಸೆಕೆಂಡಿಗೆ ಒಂದು ಮೀಟರ್ ಗಾಳಿ ಬೀಸಿದಂತಾಗುತ್ತದೆ. ಹತ್ತು ಸಲ ನಡೆದೆ. ಏಳು ಸಲ ಫ್ಯಾನ್ ಅಲುಗಲಿಲ್ಲ, ಪರದೆ ಸೊನ್ನೆಯನ್ನೇ ತೋರಿಸಿತು. 10 ಸೆಕೆಂಡುಗಳಲ್ಲಿ ನಡೆದಾಗ 2 ಬರಬೇಕಾದಲ್ಲಿ 1.6 ಬಂತು. ಬಿರುಗಾಳಿಯನ್ನು ಸರಿಯಾಗಿ ಅಳೆದು ಮಂದಗಾಳಿಯನ್ನು ಗುರುತಿಸದ ಮಾಪಕದಿಂದ ನಮಗೆ ಪ್ರಯೋಜನವಿಲ್ಲ, ಏಕೆಂದರೆ ನಮ್ಮ ಕೆಲಸವೆಲ್ಲ ಆ ಮಂದಗಾಳಿಯಲ್ಲೇ ನಡೆಯುತ್ತದೆ.

ಎರಡನೆಯದಾಗಿ ಕೊಂಡದ್ದು ಮೂರು ಬಟ್ಟಲುಗಳ ಮಾಪಕ, ಬೆಲೆ 2,900 ರೂಪಾಯಿ. ಐರ್ಲೆಂಡಿನ ಖಗೋಳ ವಿಜ್ಞಾನಿ ರಾಬಿನ್ಸನ್ 1846ರಲ್ಲಿ ರೂಪಿಸಿದ ನಾಲ್ಕು ಬಟ್ಟಲುಗಳ ಯಂತ್ರದ ವಂಶ ಇದರದು. ಗಾಳಿ ಯಾವ ದಿಕ್ಕಿನಿಂದ ಬಂದರೂ ಇದು ತಿರುಗುತ್ತದೆ. ಫ್ಯಾನ್ ಮಾಪಕವನ್ನಾದರೆ ಗಾಳಿಗೆ ನೇರವಾಗಿ ಹಿಡಿಯಬೇಕು, ಓರೆಯಾದಷ್ಟೂ ಅಂಕಿ ಇಳಿಯುತ್ತದೆ. ಗೋದಾಮಿನ ಪರೀಕ್ಷೆಯಲ್ಲಿ ಇದು ಹತ್ತರಲ್ಲಿ ಒಂಬತ್ತು ಸಲ 0.8ರಿಂದ 1.0ರ ನಡುವೆ ತೋರಿಸಿತು. ಬದುವಿನ ಬೇವಿನ ಮರದೊಂದಿಗೂ ತಾಳೆ ನೋಡಿದ್ದೇನೆ. ಕಣ್ಣಿಗೆ ಕಾಣುವ ಗುರುತುಗಳಿಂದ ಗಾಳಿಯ ವೇಗವನ್ನು ಅಂದಾಜಿಸುವ ಬೋಫೋರ್ಟ್ ಮಾಪನದ ಪ್ರಕಾರ ಎಲೆ ಮರ್ಮರಿಸಿದರೆ ಗಾಳಿ ಗಂಟೆಗೆ 6ರಿಂದ 11 ಕಿಲೋಮೀಟರ್, ಎಲೆ ಮತ್ತು ಸಣ್ಣ ರೆಂಬೆಗಳು ಬಿಡದೆ ಆಡುತ್ತಿದ್ದರೆ 12ರಿಂದ 19, ಧೂಳು ಎದ್ದರೆ 20ಕ್ಕೂ ಮೇಲು. ಮಾಪಕ ಮತ್ತು ಮರ ಒಂದೇ ಮಾತು ಹೇಳಿದ ದಿನಗಳೇ ಹೆಚ್ಚು.

ಬಂಧುವೊಬ್ಬರಿಂದ ಕೆಸ್ಟ್ರೆಲ್ 1000 ಮಾಪಕವನ್ನು ಒಂದು ವಾರ ಎರವಲು ಪಡೆದು ನೋಡಿದೆ. ಅದರ ಚಿಕ್ಕ ಚಕ್ರ ಬಲು ಹಗುರ, ನಡಿಗೆಯ ಪರೀಕ್ಷೆಯಲ್ಲಿ ಒಮ್ಮೆಯೂ ತಪ್ಪಲಿಲ್ಲ. ಚಕ್ರ ಸವೆದರೆ ಅದೊಂದನ್ನೇ ಬದಲಿಸಬಹುದು. ನೀರಿಗೆ ಬಿದ್ದರೂ ತೇಲುತ್ತದೆ. ಮೂರರಲ್ಲಿ ಇದೇ ಉತ್ತಮವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬೆಲೆ ಬಟ್ಟಲು ಮಾಪಕದ ಹಲವು ಪಟ್ಟು. ಐದಾರು ರೈತರು ಸೇರಿ ಕೊಳ್ಳುವುದಾದರೆ ಅಥವಾ ಡ್ರೋನಿನಿಂದ ಎಣ್ಣೆ ಹೊಡೆಯುವುದನ್ನೇ ಉದ್ಯೋಗ ಮಾಡಿಕೊಂಡವರಾದರೆ ಮಾತ್ರ ಹೊಂದುತ್ತದೆ. ಹಾಯಿದೋಣಿಗಳ ಕಂಬದ ತುದಿಗೆ ಕಟ್ಟುವ, ತಿರುಗುವ ಭಾಗವೇ ಇಲ್ಲದ ಅಲ್ಟ್ರಾಸಾನಿಕ್ ಮಾಪಕಗಳು ಗದ್ದೆಗೆ ಅತಿಯಾದವು. ಆ ದೋಣಿಯವರು ಹಾಯಿಗೆ ಅಂಟಿಸುವ ಉಣ್ಣೆಯ ಎಳೆಯನ್ನು ಮಾತ್ರ ನಾವೂ ಬಳಸಬಹುದು. ಕೋಲಿನ ತುದಿಗೆ ಒಂದು ಮೊಳ ಎಳೆ ಕಟ್ಟಿ ಬದುವಿನಲ್ಲಿ ನೆಟ್ಟರೆ, ಈ ಮೂರೂ ಮಾಪಕಗಳು ಹೇಳದ ಗಾಳಿಯ ದಿಕ್ಕನ್ನು ಅದು ದಿನವಿಡೀ ಹೇಳುತ್ತದೆ.

ಬಳಸುವ ಕ್ರಮವೂ ಮಾಪಕದಷ್ಟೇ ಮುಖ್ಯ. ಫೋನಿನ ಹವಾಮಾನ ಆ್ಯಪ್ ತೋರಿಸುವುದು ಸಾಮಾನ್ಯವಾಗಿ ಹತ್ತು ಮೀಟರ್ ಎತ್ತರದ ಗಾಳಿ. ನಮಗೆ ಬೇಕಾದದ್ದು ನಾಝಲ್ ಇರುವ ಎತ್ತರದ್ದು. ನಾನು ಗದ್ದೆಯ ತೆರೆದ ಅಂಚಿನಲ್ಲಿ, ಮೈ ಗಾಳಿಗೆ ಅಡ್ಡವಾಗದಂತೆ ನಿಂತು, ಎರಡು ನಿಮಿಷ ಅಳೆದು, ಬಂದ ಅತಿ ಹೆಚ್ಚಿನ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ. ಗಂಟೆಗೆ 3ರಿಂದ 15 ಕಿಲೋಮೀಟರ್ ಒಳಗೆ ಹೊಡೆಯಬಹುದೆಂಬುದು ರೂಢಿಯ ಸಲಹೆಯಾದರೂ ಹತ್ತಿ ಪಕ್ಕದಲ್ಲಿರುವಾಗ ನಾನು 10ಕ್ಕೇ ನಿಲ್ಲಿಸುತ್ತೇನೆ, ಎಳೆ ಮೂಡಲಿಗೆ ಬಾಗಿದ ದಿನ ಹೊಡೆಸುವುದೇ ಇಲ್ಲ. ಗಾಳಿ ಪೂರ್ತಿ ನಿಂತ ನಸುಕನ್ನೂ ನಂಬುವುದಿಲ್ಲ. ಒಲೆಯ ಹೊಗೆ ಮೇಲೇರದೆ ನೆಲದುದ್ದಕ್ಕೂ ಮಲಗಿದ್ದರೆ ಸಣ್ಣ ಹನಿಗಳೂ ಹಾಗೆಯೇ ತೇಲಿ ದೂರ ಸಾಗುತ್ತವೆ. 2,4-ಡಿಯ ಎಸ್ಟರ್ ರೂಪವಂತೂ ಹೊಡೆದ ಮೇಲೂ ಆವಿಯಾಗಿ ಹರಡುತ್ತದೆ, ಅದನ್ನು ಯಾವ ಮಾಪಕವೂ ತಡೆಯದು. ಹತ್ತಿಯ ನೆರೆಯಲ್ಲಿ ಅದನ್ನು ಕೊಳ್ಳಲೇಬಾರದು.

ಒಬ್ಬ ರೈತ ತನ್ನೊಬ್ಬನಿಗೆಂದು ಕೊಳ್ಳುವುದಾದರೆ ನನ್ನ ಸಲಹೆ ಬಟ್ಟಲು ಮಾಪಕವೇ. ತಂದ ದಿನವೇ ಗೋದಾಮಿನಲ್ಲಿ ನಡೆದು ನೋಡಿ, ಹತ್ತರಲ್ಲಿ ಮೂರು ಸಲ ಸೊನ್ನೆ ತೋರಿಸಿದರೆ ವಾಪಸು ಕೊಡುವ ಅವಧಿಯೊಳಗೆ ಮರಳಿಸಿಬಿಡಿ. ಬಟ್ಟಲಿನ ತೋಳುಗಳು ತೆಳುವಾದ ಪ್ಲಾಸ್ಟಿಕ್ಕಿನವು, ಅಂಗಿಯ ಕಿಸೆಯಲ್ಲಿಟ್ಟರೆ ಬಾಗುತ್ತವೆ. ನನ್ನದು ಹಳೆಯ ಸ್ಟೀಲ್ ಊಟದ ಡಬ್ಬಿಯೊಳಗೆ, ಬಟ್ಟೆ ಸುತ್ತಿಕೊಂಡು, ಪಂಪಿನ ಪಕ್ಕದ ಗೂಡಿನಲ್ಲಿರುತ್ತದೆ.