ಸೈಕಲ್ ಟೂರಿಗೆ ಮೌತ್ ಆರ್ಗನ್: ಎಲ್ಲಾ ಸರಿ, ಆ ‘ಧ’ ಒಂದು ಬಿಟ್ಟು

ದಾವಣಗೆರೆಯ ಸೈಕಲ್ ಗೆಳೆಯರು ನನ್ನನ್ನು ಕೇಳುವುದು ಒಂದೇ: ಕೊಳಲು ಬಿಟ್ಟು ಇದ್ಯಾಕೆ? ಗಾಳಿ, ಇನ್ನೇನು. ಚಿತ್ರದುರ್ಗದ ಜೋಗಿಮಟ್ಟಿ ಕಡೆ ಕರೆಂಟ್ ತೆಗೆಯುವ ಅಷ್ಟೊಂದು ಗಾಳಿ ಫ್ಯಾನುಗಳನ್ನು ಸುಮ್ನೆ ನಿಲ್ಲಿಸಿಲ್ಲ. ಕೊಳಲಿನ ತೂತಿನ ಅಂಚಿಗೆ ನಮ್ಮ ಉಸಿರು ಸರಿಯಾಗಿ ತಾಗಬೇಕು. ಅಡ್ಡಗಾಳಿ ಬೀಸಿದರೆ ಸ್ವರವೇ ಹುಟ್ಟುವುದಿಲ್ಲ. ಪುಟ್ಟ ಗಿಟಾರಿನಂಥ ಯುಕುಲೆಲೆ ಚೆನ್ನಾಗಿದೆ, ಆದರೆ ಅದಕ್ಕೆ ಕ್ಯಾರಿಯರ್ ಬಿಟ್ಟುಕೊಟ್ಟರೆ ಟೆಂಟ್ ಎಲ್ಲಿ ಕಟ್ಟಲಿ? ಮೋರ್ಸಿಂಗ್ ಜೇಬಿಗೆ ಹಿಡಿಸುತ್ತದೆ ನಿಜ. ತಾಳ ಬರುತ್ತದೆ, ಹಾಡು ಬರುವುದಿಲ್ಲ.

ಹಾಗಾಗಿ ಹತ್ತು ತೂತಿನ ಮೌತ್ ಆರ್ಗನ್. ಎರಡು ಸಾವಿರದೊಳಗೆ ಸಿಕ್ಕಿತು. ಒಳಗಿನ ಪಟ್ಟಿ ಪ್ಲಾಸ್ಟಿಕ್ಕಿನದೇ ಇರಲಿ. ಮರದ್ದಾದರೆ ಎಂಜಲು ಹೀರಿ ಉಬ್ಬುತ್ತದೆ, ತುಟಿ ಕೆರೆಯುತ್ತದೆ.

ಇದರ ಅರ್ಧ ಸ್ವರಗಳು ಉಸಿರು ಒಳಗೆ ಎಳೆದಾಗ ಬರುವಂಥವು. ಭೀಮಸಮುದ್ರದ ಕಡೆ ಅದಿರು ಲಾರಿ ಓಡಾಡುವ ರಸ್ತೆ ಪಕ್ಕ ಕೂತು ನುಡಿಸಿದರೆ ಹಾಡಿನ ಜೊತೆ ಧೂಳೂ ಒಳಗೆ. ಅದಕ್ಕೇ ರಸ್ತೆ ಬಿಟ್ಟು ಒಳಗೆ, ಯಾವುದಾದರೂ ಹುಣಸೆ ಮರದ ಕೆಳಗೆ ಸೈಕಲ್ ಒರಗಿಸುತ್ತೇನೆ. ಮೊದಲು ಬಾಯಿ ಮುಕ್ಕಳಿಸುವುದು. ಖಾರ ಮಂಡಕ್ಕಿ ತಿಂದಿದ್ದರಂತೂ ಎರಡು ಸಲ. ಒಂದು ಚೂರು ಒಳಗೆ ಹೋದರೂ ರೀಡ್, ಅಂದರೆ ಸ್ವರ ಹುಟ್ಟಿಸುವ ತೆಳು ಲೋಹದ ನಾಲಿಗೆ, ಮೂಕಾಗುತ್ತದೆ. ಚಳಿಗಾಲದ ಬೆಳಿಗ್ಗೆಯಾದರೆ ಜೇಬಿನಲ್ಲಿ ಬೆಚ್ಚಗೆ ಮಾಡಿಕೊಂಡೇ ಊದುವುದು, ಇಲ್ಲದಿದ್ದರೆ ಉಸಿರಿನ ಪಸೆ ರೀಡಿನ ಮೇಲೆ ಕೂರುತ್ತದೆ. ಮುಗಿದ ಮೇಲೆ ತೂತು ಕೆಳಗೆ ಮಾಡಿ ಅಂಗೈಗೆ ಪಟಪಟ ಬಡಿದು, ಹಳೇ ಪಂಚೆ ತುಂಡಿನಲ್ಲಿ ಒರೆಸಿ, ಡಬ್ಬಿಯ ಮುಚ್ಚಳ ತೆಗೆದಿಟ್ಟು ಆರಲು ಬಿಡುತ್ತೇನೆ. ಇಷ್ಟು ಮಾಡುವಷ್ಟರಲ್ಲಿ ಕಾಲಿನ ನೋವು ಅರ್ಧ ಇಳಿದಿರುತ್ತದೆ.

ಇನ್ನು ಸಿಟ್ಟಿನ ವಿಷಯ. ಅಂಗಡಿಯವರು ಯಾರೂ ಇದನ್ನು ಹೇಳುವುದಿಲ್ಲ. ನಾಲ್ಕನೇ ತೂತಿನಿಂದ ಏಳರವರೆಗೆ ಸರಿಗಮಪಧನಿ ಪೂರ್ತಿ ಇದೆ. ಅದರ ಕೆಳಗಿನ ಮೂರು ತೂತುಗಳಲ್ಲಿ ‘ಮ’ವೂ ಇಲ್ಲ, ‘ಧ’ವೂ ಇಲ್ಲ. ‘ಪ’ ಮಾತ್ರ ಎರಡು ಕಡೆ! ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ, ಬಾರಿಸುವವರಿಗೆ ಅನುಕೂಲವಾಗಲಿ ಅಂತ ಮಾಡಿದ ಜೋಡಣೆ, ರಿಕ್ಟರ್ ಟ್ಯೂನಿಂಗ್ ಅನ್ನುತ್ತಾರೆ. ನಮ್ಮ ಹಾಡುಗಳೋ, ಷಡ್ಜದಿಂದ ಕೆಳಗಿಳಿದು ಮಂದ್ರದ ‘ಧ’ ಮುಟ್ಟಿ ಬರುವಂಥವು ಎಷ್ಟಿಲ್ಲ! ಹಿರಿಯೂರಿನ ಹತ್ತಿರ ಚಹಾ ಅಂಗಡಿಯಲ್ಲಿ ಹಿರಿಯರೊಬ್ಬರು ಪೂರ್ತಿ ಕೇಳಿ, “ಚಂದ ನುಡಿಸ್ತೀಯಪ್ಪ, ನಡುನಡುವೆ ಯಾಕೆ ನುಂಗ್ತೀಯಾ?” ಅಂದರು. ಏನಂತ ಹೇಳಲಿ?

ಮೂರನೇ ತೂತಿನ ಎಳೆಯುವ ಸ್ವರವನ್ನು ನಾಲಿಗೆ ಹಿಂದೆ ಸರಿಸಿ ಬಗ್ಗಿಸಿದರೆ, ಅಂದರೆ ಶ್ರುತಿ ಇಳಿಸಿದರೆ, ‘ಧ’ ಸಿಗುತ್ತದೆ, ಸುಳ್ಳಲ್ಲ. ಆದರೆ ಚಡಾವು ಹತ್ತಿ ಬಂದು ಏದುಸಿರು ಬಿಡುವಾಗ ಅದು ಒಂದು ದಿನ ‘ಧ’ ಆಗಿರುತ್ತದೆ, ಇನ್ನೊಂದು ದಿನ ‘ನಿ’ಯ ಹತ್ತಿರವೇ ನಿಂತುಬಿಡುತ್ತದೆ.

ಆಮೇಲೆ ಗೊತ್ತಾಗಿದ್ದು ಪ್ಯಾಡಿ ರಿಕ್ಟರ್ ಅನ್ನುವ ಉಪಾಯ. ಮೇಲಿನ ಮುಚ್ಚಳವನ್ನೂ ಅದರ ಕೆಳಗಿನ ರೀಡ್ ತಗಡನ್ನೂ ಬಿಚ್ಚಿ, ಮೂರನೇ ತೂತಿನ ಊದುವ ರೀಡಿನ ತುದಿಯನ್ನು ಸಣ್ಣ ಅರದಿಂದ ಹಗುರವಾಗಿ ಉಜ್ಜಬೇಕು. ತುದಿ ತೆಳ್ಳಗಾದಂತೆ ಶ್ರುತಿ ಏರುತ್ತದೆ. ‘ಪ’ ಇದ್ದದ್ದು ‘ಧ’ ಆಗುತ್ತದೆ. ಎರಡನೇ ತೂತನ್ನು ಎಳೆದರೆ ‘ಪ’ ಹೇಗೂ ಇದೆ, ನಷ್ಟವಿಲ್ಲ. ಫೋನಿನ ಟ್ಯೂನರ್ ಮುಂದಿಟ್ಟುಕೊಂಡು ನಿಧಾನಕ್ಕೆ ಮಾಡಿದೆ. ಈಗ ನುಂಗುವ ಮಾತಿಲ್ಲ. ‘ಮ’ ಮಾತ್ರ ಇನ್ನೂ ಬಗ್ಗಿಸಿಯೇ ತೆಗೆಯಬೇಕು, ಮತ್ತೆ ಮೊದಲ ಮೂರು ತೂತು ಒಟ್ಟಿಗೆ ಊದಿದರೆ ಹಳೆಯ ಕಾರ್ಡ್ ಬರುವುದಿಲ್ಲ. ಕಾರ್ಡ್ ಬೇಕೆನ್ನುವವರು ರೀಡಿಗೆ ಕೈ ಹಚ್ಚಬೇಡಿ. ನನಗೆ ಹಾಡು ಸಾಕು.