ನಾಲ್ಕು ಎಕ್ಸ್‌ಪಿಗಳಿಗಾಗಿ ಶಾಲೆಯ ಸರ್ವರ್ ಬಾಗಿಲು ತೆಗೆಯಬೇಡಿ

ಒಂದು ಶಾಲೆಯ ಲ್ಯಾಬ್‌ನಲ್ಲಿ ಆದದ್ದು. ಉಬುಂಟು (ಒಂದು ಬಗೆಯ ಲಿನಕ್ಸ್) ಸರ್ವರ್, ಅದರಲ್ಲಿ ವಿಂಡೋಸ್ ಯಂತ್ರಗಳಿಗೂ ಫೋಲ್ಡರ್ ಹಂಚಿಕೊಡುವ ಸಾಂಬಾ ತಂತ್ರಾಂಶ. ಸುತ್ತ ವಿಂಡೋಸ್ 10 ಕಂಪ್ಯೂಟರ್‌ಗಳು, ಒಂದೆರಡು ಮ್ಯಾಕ್, ಜೊತೆಗೆ ಹಳೆಯ ಸ್ಕ್ಯಾನರ್‌ಗಳಿಗೆ ಹೊಸ ಡ್ರೈವರ್ ಇಲ್ಲವೆಂದು ಉಳಿಸಿಕೊಂಡ ನಾಲ್ಕು ವಿಂಡೋಸ್ ಎಕ್ಸ್‌ಪಿ ಯಂತ್ರ. ಸರ್ವರ್ ಅಪ್‌ಗ್ರೇಡ್ ಆದ ಮರುದಿನ ಎಕ್ಸ್‌ಪಿಯಲ್ಲಿ ಅಂಕಪಟ್ಟಿಯ ಫೋಲ್ಡರ್ ತೆರೆಯಲಿಲ್ಲ. ಯಾರೋ ಸಾಂಬಾ ಕಾನ್ಫಿಗ್‌ನಲ್ಲಿ ಎರಡು ಸಾಲು ಸೇರಿಸಿದರು: ‘ಸರ್ವರ್ ಮಿನ್ ಪ್ರೋಟೋಕಾಲ್ = ಎನ್‌ಟಿ1’, ‘ಎನ್‌ಟಿಎಲ್‌ಎಂ ಆತ್ = ಯೆಸ್’. ಫೋಲ್ಡರ್ ತೆರೆಯಿತು, ವಿಷಯ ಮರೆತುಹೋಯಿತು. ಕೆಲವು ವಾರ ಕಳೆದು, ಪೆನ್‌ಡ್ರೈವ್‌ನಿಂದ ಒಂದು ಎಕ್ಸ್‌ಪಿಗೆ ಹೊಕ್ಕ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್, ಝಡ್ ಡ್ರೈವ್ ಆಗಿ ಮ್ಯಾಪ್ ಆಗಿದ್ದ ಅದೇ ಫೋಲ್ಡರ್‌ನ ಫೈಲ್‌ಗಳನ್ನು ಒಂದೊಂದಾಗಿ ಎನ್‌ಕ್ರಿಪ್ಟ್ ಮಾಡಿತು. ಬ್ಯಾಕಪ್ ಇದ್ದದ್ದೂ ಅದೇ ಶೇರ್‌ನೊಳಗೆ, ಎಂದರೆ ಅದೇ ಹಂಚಿದ ಫೋಲ್ಡರ್‌ನೊಳಗೆ!

ಎಸ್‌ಎಂಬಿ ಎಂದರೆ ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ಪ್ರೋಟೋಕಾಲ್; ಎಕ್ಸ್‌ಪಿಗೆ ಗೊತ್ತಿರುವುದು ಅದರ ಹಳೆಯ ಆವೃತ್ತಿ ಎಸ್‌ಎಂಬಿ1 (ಸಾಂಬಾದಲ್ಲಿ ಅದರ ಹೆಸರು ‘ಎನ್‌ಟಿ1’) ಒಂದೇ. 2019ರಲ್ಲಿ ಬಂದ ಸಾಂಬಾ 4.11 ಅದನ್ನು ತಾನಾಗಿ ಒಪ್ಪುವುದನ್ನು ಬಿಟ್ಟಿತು. ಆ ‘ಮಿನ್ ಪ್ರೋಟೋಕಾಲ್’ ಸಾಲನ್ನು ಒಂದೇ ಶೇರ್‌ಗೆ ಹಾಕಲು ಬರುವುದಿಲ್ಲ; ಅದು ಗ್ಲೋಬಲ್, ಇಡೀ ಸರ್ವರ್‌ಗೆ ಅನ್ವಯ. ಹಾಕಿದ ಮೇಲೂ ವಿಂಡೋಸ್ 10 ಎಂದಿನಂತೆ ಎಸ್‌ಎಂಬಿ3ರಲ್ಲೇ ಕೆಲಸ ಮಾಡುತ್ತದೆ, ಹಾಗಾಗಿ ಏನೂ ಕೆಟ್ಟಂತೆ ಕಾಣುವುದೇ ಇಲ್ಲ. ನಿಜ ಹೇಳಬೇಕೆಂದರೆ, ಬರೆಯುವ ಅನುಮತಿ ಇದ್ದರೆ ಎಸ್‌ಎಂಬಿ3ರಲ್ಲೂ ಫೈಲ್ ಹಾಳಾಗುತ್ತದೆ. ಆದರೆ 2014ರ ಏಪ್ರಿಲ್‌ಗೇ ಬೆಂಬಲ ನಿಂತ ಯಂತ್ರಕ್ಕೆ ಆ ಫೋಲ್ಡರ್‌ಗೆ ಮತ್ತೆ ದಾರಿ ಸಿಕ್ಕಿದ್ದು ಈ ಎರಡು ಸಾಲುಗಳಿಂದ.

ಹಳೆಯ ಬಗೆಯ ಪಾಸ್‌ವರ್ಡ್ ಪರಿಶೀಲನೆಯನ್ನು ಒಪ್ಪುವ ಎರಡನೆಯ ಸಾಲಂತೂ ಬೇಕಾಗಿಯೇ ಇರಲಿಲ್ಲ. ಎಕ್ಸ್‌ಪಿ ರಿಜಿಸ್ಟ್ರಿಯಲ್ಲಿ ‘ಎಲ್‌ಎಂ ಕಂಪ್ಯಾಟಿಬಿಲಿಟಿ ಲೆವೆಲ್’ 3ಕ್ಕೆ ಏರಿಸಿದರೆ ಅದು ಹೊಸ ಬಗೆಯ ಎನ್‌ಟಿಎಲ್‌ಎಂವಿ2 ಕಳಿಸುತ್ತದೆ, ಸಾಂಬಾ ಅದನ್ನು ತಾನಾಗಿ ಒಪ್ಪುತ್ತದೆ.

ಎಕ್ಸ್‌ಪಿ ಬಿಡಲಾಗದಿದ್ದರೆ ಹೀಗೆ ಮಾಡಿ. ಒಂದು ಹಳೆಯ ಪಿಸಿಗೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿ ಲಿನಕ್ಸ್ ಏರಿಸಿ. ಒಂದು ಕಾರ್ಡ್ ಎಕ್ಸ್‌ಪಿಗಳ ಪ್ರತ್ಯೇಕ ಸ್ವಿಚ್‌ಗೆ, ಇನ್ನೊಂದು ಶಾಲೆಯ ನೆಟ್‌ವರ್ಕ್‌ಗೆ. ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ದಟ್ಟಣೆ ದಾಟಿಸುವ ಐಪಿ ಫಾರ್ವರ್ಡಿಂಗ್ 0 (ಆಫ್) ಇರಲಿ. ಎನ್‌ಟಿ1 ಅಲ್ಲಿ ಮಾತ್ರ; ‘ಇಂಟರ್‌ಫೇಸಸ್’ ಸಾಲಿನ ಜೊತೆ ‘ಬೈಂಡ್ ಇಂಟರ್‌ಫೇಸಸ್ ಓನ್ಲಿ = ಯೆಸ್’ ಕೊಟ್ಟು ಸಾಂಬಾವನ್ನು ಎಕ್ಸ್‌ಪಿ ಕಡೆಯ ಕಾರ್ಡ್‌ಗೆ ಕಟ್ಟಿಹಾಕಿ. ಸ್ಕ್ಯಾನ್ ಆದ ಫೈಲ್‌ಗಳನ್ನು ಮುಖ್ಯ ಸರ್ವರ್ ತಾನೇ ಎಸ್‌ಎಸ್‌ಎಚ್ (ಸುರಕ್ಷಿತ ಸಂಪರ್ಕ) ಮೇಲೆ, ಫೈಲ್ ನಕಲಿಸುವ ಆರ್‌ಸಿಂಕ್‌ನಿಂದ ಎಳೆದುಕೊಳ್ಳಲಿ, ಆ ಪೆಟ್ಟಿಗೆ ತಳ್ಳುವುದು ಬೇಡ. ಮುಖ್ಯ ಸರ್ವರ್‌ನಿಂದ ಆ ಎರಡು ಸಾಲು ತೆಗೆದ ಮೇಲೆ ಸಾಂಬಾ ರೀಸ್ಟಾರ್ಟ್ ಮಾಡಿ ‘ಎಸ್‌ಎಂಬಿಸ್ಟೇಟಸ್’ ನೋಡಿ. ಪ್ರೋಟೋಕಾಲ್ ಕಾಲಂನಲ್ಲಿ ಎನ್‌ಟಿ1 ಎಲ್ಲೂ ಇರಬಾರದು.

ವಿಂಡೋಸ್ 10ರ ‘ನೆಟ್‌ವರ್ಕ್’ ಕಿಟಕಿ ಖಾಲಿ ಕಂಡಿತೆಂದು ಅಲ್ಲೂ ಎಸ್‌ಎಂಬಿ1 ಆನ್ ಮಾಡುವವರಿದ್ದಾರೆ. 2017ರ ಮೇನಲ್ಲಿ ವನ್ನಾಕ್ರೈ ಹರಡಿದ್ದು ಇದೇ ಎಸ್‌ಎಂಬಿ1ರ ದೋಷದಿಂದ. ಕಿಟಕಿ ಖಾಲಿಯಿದ್ದರೂ ಸರ್ವರ್ ಹೆಸರನ್ನು, ಮೊದಲಿಗೆ \\ ಸೇರಿಸಿ, ಅಡ್ರೆಸ್ ಬಾರ್‌ನಲ್ಲಿ ನೇರ ಟೈಪ್ ಮಾಡಿದರೆ ಶೇರ್ ತೆರೆಯುತ್ತದೆ. ಕಾಣಲೇಬೇಕೆಂದರೆ ಸರ್ವರ್ ಇದೆಯೆಂದು ವಿಂಡೋಸ್‌ಗೆ ತಿಳಿಸುವ ‘ಡಬ್ಲ್ಯುಎಸ್‌ಡಿಡಿ’ಯನ್ನು ಸರ್ವರ್‌ನಲ್ಲಿ ಹಾಕಿ, ಯುಡಿಪಿ 3702 ಮತ್ತು ಟಿಸಿಪಿ 5357 ಪೋರ್ಟ್ ಬಿಡಿ.

ಆ ಶಾಲೆಗೆ ಕೊನೆಗೆ ಹಾಳಾದ ಫೈಲ್‌ಗಳ ಪ್ರತಿ ಸಿಕ್ಕಿದ್ದು ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ (ಆಪಲ್‌ನ ಫೈಲ್ ವ್ಯವಸ್ಥೆ) ಡಿಸ್ಕ್‌ನಲ್ಲಿ. ಅದನ್ನು ಸರ್ವರ್‌ಗೆ ಆರ್‌ಸಿಂಕ್ ಮಾಡಿದಾಗ ಇನ್ನೊಂದು ತಲೆನೋವು: ಹಾಳಾಗದೆ ಉಳಿದಿದ್ದ ‘ಪರೀಕ್ಷೆ’ ಫೋಲ್ಡರ್ ಪಕ್ಕದಲ್ಲೇ ಇನ್ನೊಂದು ‘ಪರೀಕ್ಷೆ’. ಎಚ್‌ಎಫ್‌ಎಸ್ ಪ್ಲಸ್ ‘ರೀ’ಯ ದೀರ್ಘವನ್ನು ಗುಡಿಸು ಮತ್ತು ದೀರ್ಘಚಿಹ್ನೆ ಎಂದು ಬಿಡಿಸಿ ಎರಡು ಸಂಕೇತಗಳಾಗಿ ಇಡುತ್ತದೆ, ನಾವು ಸಾಮಾನ್ಯವಾಗಿ ಟೈಪ್ ಮಾಡುವುದು ಒಂದೇ ಸಂಕೇತ. ಕಣ್ಣಿಗೆ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ಮ್ಯಾಕ್‌ನಿಂದ ಕಳಿಸುವಾಗ ಆರ್‌ಸಿಂಕ್‌ನ ‘ಐಕಾನ್ವ್’ ಆಯ್ಕೆಗೆ ‘ಯುಟಿಎಫ್-8-ಮ್ಯಾಕ್, ಯುಟಿಎಫ್-8’ ಕೊಡಿ. ಹಳೆಯ ಮ್ಯಾಕ್‌ಗಳ ಜೊತೆ ಬರುವ 2.6.9ರಲ್ಲಿ ಈ ಆಯ್ಕೆ ಇಲ್ಲ, ಆರ್‌ಸಿಂಕ್ 3 ಬೇಕು. ಈಗಾಗಲೇ ಬಂದುಬಿಟ್ಟಿದ್ದರೆ ಫೈಲ್ ಹೆಸರಿನ ಸಂಕೇತ ಬದಲಿಸುವ ‘ಕಾನ್ವ್‌ಎಂವಿ’ಯನ್ನು, ಬಿಡಿಸಿದ್ದನ್ನು ಮತ್ತೆ ಒಂದಾಗಿಸುವ ‘ಎನ್‌ಎಫ್‌ಸಿ’ ಆಯ್ಕೆಯೊಂದಿಗೆ ಸರ್ವರ್‌ನಲ್ಲಿ ಓಡಿಸಿ. ‘ನೋಟೆಸ್ಟ್’ ಸೇರಿಸುವವರೆಗೆ ಅದು ಹೆಸರು ಬದಲಿಸುವುದಿಲ್ಲ, ಏನೇನು ಬದಲಾಗಲಿದೆ ಎಂದಷ್ಟೇ ತೋರಿಸುತ್ತದೆ. ಆ ಪಟ್ಟಿಯಲ್ಲಿ ಜೋಡಿಯಾಗಿರುವ ಹೆಸರುಗಳನ್ನು ಗುರುತಿಸಿ, ಯಾವುದು ಈಚಿನದು ಎಂದು ತೆರೆದು ನೋಡಿದ ಮೇಲೆಯೇ ‘ನೋಟೆಸ್ಟ್’ ಹಾಕಿ.